ಕೈ ಎತ್ತದ ಸಭಾಪತಿ

ಟಾರ್ಬೆಲ್ ಊರಿನ ಸಭಾಪತಿಯ ಕತೆಗೆ ಎರಡು ಪಾಠಾಂತರಗಳಿವೆ. ಮೇಪಲ್ ಮರದ ರಸ ಕಾಯಿಸುವ ಗುಡಿಸಲುಗಳಲ್ಲಿ, ಹಬೆಯ ನಡುವೆ ನಿಂತು ಹೇಳುವವರ ಪಾಠದಲ್ಲಿ ಕೆಡುಕಿನ ಮೂಲ ಮಾರ್ಜರಿ ಲಂಟ್. ಕೆರೆಯಂಚಿನ ಹೊಸ ಮನೆಗಳಲ್ಲಿ, ವೈನ್ ಗ್ಲಾಸು ಹಿಡಿದು ಹೇಳುವವರ ಪಾಠದಲ್ಲಿ ಅದು ರೋಯ್ಸ್ ಕೋಲ್ಬಿ. ಉಳಿದ ಯಾವ ಸಂಗತಿಯಲ್ಲೂ ಹೊಂದದ ಈ ಎರಡು ಪಾಠಗಳು ಒಂದು ಮಾತಿನಲ್ಲಿ ಮಾತ್ರ ಕೂಡುತ್ತವೆ: ಸಭಾಪತಿ ಏಸಾ ವಿಚರ್‌ನಂಥ ನ್ಯಾಯವಂತ ಅಮೆರಿಕದ ವರ್ಮಾಂಟಿನ ಗುಡ್ಡಗಳಲ್ಲಿ ಇನ್ನೊಬ್ಬನಿಲ್ಲ. ಮೂರನೆಯ ಪಾಠವೊಂದಿದೆ. ಅದು ಟಾರ್ಬೆಲ್‌ನಲ್ಲಿ ಸಿಕ್ಕುವುದಿಲ್ಲ. ಗುಡ್ಡದಾಚೆಯ ಊರುಗಳಲ್ಲಿ, ಅದೂ ಕೇಳಿದರೆ ಮಾತ್ರ, ಸಿಕ್ಕುತ್ತದೆ. ಇಲ್ಲಿರುವುದು ಅದು.

ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಸಭೆ. ಅಂದು ಊರಿನ ಮತದಾರರೆಲ್ಲ ಟೌನ್ ಹಾಲಿನ ಬೆಂಚುಗಳ ಮೇಲೆ ಕುಳಿತು, ಬರುವ ವರ್ಷ ತಾವು ಎಷ್ಟು ತೆರಿಗೆ ಕಟ್ಟಬೇಕು, ಅದು ಯಾವ ರಸ್ತೆಗೆ, ಯಾವ ಸೇತುವೆಗೆ, ಯಾರ ಸಂಬಳಕ್ಕೆ ಹೋಗಬೇಕು ಎಂಬುದನ್ನು ಕಲಮು ಕಲಮಾಗಿ ಓದಿ, ಬಾಯಿಂದ "ಹೂಂ" ಅಥವಾ "ಇಲ್ಲ" ಎಂದು ಕೂಗಿ ತೀರ್ಮಾನಿಸುತ್ತಾರೆ. ಕೂಗು ಸರಿಸಮವಾಗಿ ಕೇಳಿಸಿದರೆ ಸಭೆ ಇಬ್ಭಾಗವಾಗಬೇಕು: ಹೂಂ ಎನ್ನುವವರು ಒಲೆಯ ಕಡೆಗೆ, ಇಲ್ಲ ಎನ್ನುವವರು ಕಿಟಕಿಯ ಕಡೆಗೆ ನಡೆದು ನಿಲ್ಲಬೇಕು, ತಲೆಗಳನ್ನು ಎಣಿಸಬೇಕು. ಈ ಸಭೆಯನ್ನು ಏಸಾ ಇಪ್ಪತ್ತಾರು ವರ್ಷ ನಡೆಸಿದ್ದ. ಅವನ ವೃತ್ತಿ ಹರಾಜು ಕೂಗುವುದು. ಸತ್ತವರ ಮನೆಯ ಮಂಚ, ಸಾಲದಲ್ಲಿ ಮುಳುಗಿದವರ ಮನೆಯ ಹಸು, ಎಲ್ಲವನ್ನೂ ಒಂದೇ ದನಿಯಲ್ಲಿ ಮಾರಿದವನು. ನವೆಂಬರ್ ಚುನಾವಣೆಯಲ್ಲಿ ಅವನು ರಿಪಬ್ಲಿಕನ್ನರಿಗೆ ಓಟು ಹಾಕುತ್ತಾನೋ ಡೆಮಾಕ್ರಟರಿಗೋ ಎಂಬುದು ಊರಿಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ಯಾವ ಪಕ್ಷದ ಫಲಕವನ್ನೂ ನೆಡದೆ ಉಳಿದದ್ದು ಆ ರಸ್ತೆಯಲ್ಲಿ ಅವನ ಅಂಗಳ ಒಂದೇ.

ಅವನನ್ನು ಸಭಾಪತಿ ಮಾಡಿದವಳು ಹೆಂಡತಿ ವಿನಿಫ್ರೆಡ್. ಮೊದಲ ಸಲ ಆರಿಸಿ ಬಂದಾಗ ಅವನಿಗೆ ಸಭೆಯ ನಿಯಮಗಳ ಗಂಧವಿರಲಿಲ್ಲ. ಮುಂದಿನ ಚಳಿಗಾಲವೆಲ್ಲ ವಿನ್ನಿ ಅಡುಗೆಮನೆಯ ಮೇಜಿನ ಆಚೆ ಕುಳಿತು, ಅವನ ಕೈಗೆ ಸಭಾಪತಿಯ ಸುತ್ತಿಗೆಯ ಬದಲು ಲಟ್ಟಣಿಗೆ ಕೊಟ್ಟು, ನಿಯಮಗಳ ದಪ್ಪ ಪುಸ್ತಕ ತೆರೆದು ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

"ಸಭಾಪತಿ ಯಾವಾಗ ಓಟು ಹಾಕಬಹುದು?"

"ಸಮ ಸಮ ಬಂದಾಗ. ಗಂಟು ಬಿಡಿಸೋಕೆ."

"ಅರ್ಧ ಮಾರ್ಕು."

"ಇನ್ನರ್ಧ ಏನೇ?"

"ಒಂದೇ ಓಟಲ್ಲಿ ಗೆದ್ದಿರುತ್ತೆ ಅಂತಿಟ್ಕೋ. ಸಭಾಪತಿ ವಿರುದ್ಧ ಕೈ ಎತ್ತಿದ್ರೆ ಸಮ ಆಗುತ್ತೆ. ಸಮ ಆದ್ರೆ ಸೂಚನೆ ಬಿತ್ತು. ಗಂಟು ಬಿಡಿಸೋಕೂ ಹಾಕಬಹುದು, ಗಂಟು ಹಾಕೋಕೂ ಹಾಕಬಹುದು. ಇದು ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ನೀನು ಮರೀಬೇಡ."

ಇಪ್ಪತ್ತಾರು ವರ್ಷಗಳಲ್ಲಿ ಅದು ಬೇಕಾದದ್ದೇ ಇಲ್ಲ. ಸಭೆಯಲ್ಲಿ ವಿನ್ನಿ ಒಲೆಯ ಪಕ್ಕದ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಅವಳ "ಹೂಂ" ಹಾಲಿನಲ್ಲೇ ಅತ್ಯಂತ ದೊಡ್ಡದು, "ಇಲ್ಲ" ಅದಕ್ಕಿಂತ ದೊಡ್ಡದು. ಈ ಕತೆಯ ಸಭೆಗೆ ಮುಂಚಿನ ಅಕ್ಟೋಬರಿನಲ್ಲಿ ಸೇಬು ಆರಿಸುತ್ತಿದ್ದವಳು ಏಣಿಯ ಬುಡದಲ್ಲಿ ಕುಸಿದಳು. ಲಕ್ವ ಹೊಡೆದು ಬಲಗೈ ಬಲಗಾಲು ಹೋದವು. ಮಾತಿನ ಉಗ್ರಾಣದಲ್ಲಿ ಬಿಡಿ ಬಿಡಿ ನಾಲ್ಕು ಕಾಳು ಉಳಿದವು.

ಅವಳು ಮನೆಯಲ್ಲೇ ಉಳಿಯಲು ಸಾಧ್ಯವಾದದ್ದು ರೆನಾಟಾ ಎಂಬ ನರ್ಸಿನಿಂದ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಸಂಘವೊಂದು ಆ ಕಣಿವೆಯಲ್ಲಿತ್ತು. ಪ್ರತಿ ಊರೂ ವರ್ಷಕ್ಕೊಮ್ಮೆ ತನ್ನ ಪಾಲು ಕೊಡಬೇಕು, ಕೊಡದ ಊರಿನ ಗುಡ್ಡವನ್ನು ನರ್ಸ್ ಹತ್ತುವುದಿಲ್ಲ. ಟಾರ್ಬೆಲ್‌ನ ಪಾಲು ಆರು ಸಾವಿರ ಡಾಲರ್. ಅದು ಹತ್ತೊಂಬತ್ತನೆಯ ಕಲಮು. ಊಟದ ನಂತರ, ಅರ್ಧ ಸಭೆ ತೂಕಡಿಸುವ ಹೊತ್ತಿನಲ್ಲಿ, ಚರ್ಚೆಯಿಲ್ಲದೆ ಪಾಸಾಗುತ್ತಿದ್ದ ಕಲಮು. ವಾರಕ್ಕೆ ಎರಡು ಸಲ ರೆನಾಟಾ ಬಂದು ವಿನ್ನಿಗೆ ಮೈ ತೊಳೆದು, ಸತ್ತ ಕಾಲನ್ನು ಮಡಿಸಿ ಬಿಡಿಸಿ, ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುತ್ತಿದ್ದಳು. ಅವಳು ನಿಂತರೆ ವಿನ್ನಿ ಕೌಂಟಿಯ ಆರೈಕೆ ಮನೆಗೆ ಹೋಗಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಸಭೆಯ ದಿನ ಬೆಳಿಗ್ಗೆ ಏಸಾ ಟೈ ಕಟ್ಟಿಕೊಳ್ಳುತ್ತಿದ್ದಾಗ ವಿನ್ನಿ ಹಾಸಿಗೆಯಿಂದ ಅವನನ್ನೇ ನೋಡಿದಳು. ತುಟಿಯನ್ನು ಎರಡು ಸಲ ಕೂಡಿಸಿ, ಮೂರನೆಯ ಸಲಕ್ಕೆ ಒಂದು ಪದ ಹೊರಡಿಸಿದಳು.

"ಇಳಿ."

ಸಭಾಪತಿ ಕಲಮಿನ ಮೇಲೆ ಮಾತಾಡುವಂತಿಲ್ಲ. ಮಾತಾಡಲೇಬೇಕೆಂದರೆ ಸುತ್ತಿಗೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಕುರ್ಚಿಯಿಂದ ಇಳಿದು, ಎಲ್ಲರಂತೆ ಬೆಂಚುಗಳ ನಡುವೆ ನಿಂತು ಆಡಬೇಕು. ಏಸಾ ಒಮ್ಮೆಯೂ ಇಳಿದವನಲ್ಲ. ಅದೇ ಅವನ ಹೆಗ್ಗಳಿಕೆ.

"ಮೆಟ್ಟಿಲು ಹುಷಾರಾಗಿ ಇಳೀತೀನಿ ಕಣೇ, ಹಿಮ ಕರಗಿದೆ," ಎಂದ, ಅರ್ಥವಾಗದವನಂತೆ.

ವಿನ್ನಿ ಕಣ್ಣು ಮುಚ್ಚಿದಳು. ಟವೆಲು ಮಡಿಸುತ್ತಿದ್ದ ರೆನಾಟಾ ಇಬ್ಬರನ್ನೂ ನೋಡಿದಳು.

ಹಾಲಿನ ಮೆಟ್ಟಿಲ ಮೇಲೆ ರೋಯ್ಸ್ ಕೋಲ್ಬಿ ಕಾಯುತ್ತಿದ್ದ. ಮಣ್ಣು ಅಗೆಯುವ ಯಂತ್ರಗಳ ಒಡೆಯ, ದಪ್ಪ ಕುತ್ತಿಗೆ, ದೊಡ್ಡ ಕೈ. 'ತೆರಿಗೆ ಸಾಕು' ಎಂಬ ಫಲಕವನ್ನು ಊರಿನ ಅರ್ಧ ಅಂಗಳಗಳಲ್ಲಿ ಸ್ವತಃ ಹೂತು ಬಂದವನು.

"ಏಸಾ, ವಿನ್ನಿ ಹೇಗಿದಾಳೆ? ನಿನ್ನ ದಾರಿಯ ಹಿಮ ನಾನೇ ಎತ್ತಿಸ್ತಿದೀನಿ ನೋಡು. ಕಾಸು ಗೀಸು ಅಂತ ಬರಬೇಡ."

"ನೋಡಿದೆ ಕಣಪ್ಪಾ. ಉಪಕಾರ ಆಯ್ತು."

"ಉಪಕಾರ ಏನು ಬಂತು? ನೆರೆಯವರಿಗೆ ನೆರೆಯವರು ಮಾಡ್ಬೇಕು. ಅದಕ್ಕೆ ತೆರಿಗೆ ಬಿಲ್ಲು ಯಾಕೆ ಬೇಕು, ಸರ್ಕಾರ ಯಾಕೆ ಬೇಕು?" ಎಂದು ದನಿ ತಗ್ಗಿಸಿ, "ಇವತ್ತು ನೀನು ಕುರ್ಚಿಯಿಂದ ಇಳಿಯೋದಿಲ್ಲ ತಾನೆ?" ಎಂದ.

"ಯಾವತ್ತಾದ್ರೂ ಇಳಿದಿದೀನಾ?"

"ಅದಕ್ಕೇ ನೀನು ನಮ್ಮ ಏಸಾ!" ಎಂದು ಬೆನ್ನು ತಟ್ಟಿದ.

ಒಳಗೆ ಕೋಟು ತೂಗುಹಾಕುವ ಮೂಲೆಯಲ್ಲಿ ಮಾರ್ಜರಿ ಲಂಟ್ ಅವನನ್ನು ಹಿಡಿದು ನಿಲ್ಲಿಸಿದಳು. ಬಾಸ್ಟನ್ನಿನ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾಗಿ ಬಂದು ಹನ್ನೊಂದು ವರ್ಷವಾಗಿದ್ದರೂ ಟಾರ್ಬೆಲ್‌ಗೆ ಅವಳು ಹೊಸಬಳೇ. ಊರಿನ ಡೆಮಾಕ್ರಟರಿಗೆ ಅವಳ ಮನೆಯ ವರಾಂಡವೇ ಕಚೇರಿ.

"ಏಸಾ, ಇವತ್ತು ನರ್ಸಿನ ಕಲಮು ಬಂದಾಗ ನೀವು ಕೆಳಗಿಳಿದು ನಾಲ್ಕೇ ನಾಲ್ಕು ಮಾತಾಡ್ಬೇಕು. ವಿನ್ನಿ ಹೇಗಿದ್ದರು, ಈಗ ಹೇಗಿದಾರೆ, ಅಷ್ಟೇ ಸಾಕು. ಸಭೆ ಕರಗುತ್ತೆ. ನಿಮ್ಮ ಮುಖ ಒಂದಿದ್ರೆ ಆ ಜನ ಬಾಯಿ ತೆಗೆಯೋಕಾಗಲ್ಲ."

"ನನ್ನ ಹೆಂಡ್ತಿ ಹರಾಜಿನ ಸಾಮಾನಲ್ಲಮ್ಮ. ಆರು ಸಾವಿರ ಪ್ರತಿ ವರ್ಷ ಹೇಗೆ ಪಾಸಾಗುತ್ತೋ ಹಾಗೇ ಆಗುತ್ತೆ. ಸುಮ್ಮನಿದ್ದುಬಿಡಿ."

"ಸುಮ್ಮನಿದ್ದು ಸುಮ್ಮನಿದ್ದೇ ದೇಶ ಈ ಗತಿಗೆ ಬಂದಿದ್ದು," ಎಂದು ಅವಳು ಶಾಲು ಹೊದ್ದು ನಡೆದಳು.

ಬೆಳಗಿನ ಕಲಮುಗಳು ಹಲ್ಲು ಕಚ್ಚಿಕೊಂಡೇ ಮುಗಿದವು. ಮಧ್ಯಾಹ್ನದ ಊಟದಲ್ಲಿ ಹಿಂದೆಂದೂ ಕಾಣದ್ದೊಂದು ಕಂಡಿತು. ನೆಲಮಾಳಿಗೆಯ ಅಡುಗೆಮನೆಯಲ್ಲಿ ಊರ ಹೆಂಗಸರು ಒಟ್ಟಿಗೆ ನಿಂತು ಬೇಯಿಸುತ್ತಿದ್ದ ಸಭೆಯ ಊಟ, ಅಂದರೆ ಬೆಲ್ಲದ ಪಾಕದಲ್ಲಿ ರಾತ್ರಿಯಿಡೀ ಬೆಂದ ಬೀನ್ಸ್ ಕಾಳು, ಕಂದು ಬ್ರೆಡ್ಡು, ಸೇಬಿನ ಕಡುಬು, ಆ ವರ್ಷ ಎರಡು ಮೇಜುಗಳಾಗಿ ಒಡೆದಿತ್ತು. ಒಂದು ಮೇಜಿನ ಬೀನ್ಸಿನಲ್ಲಿ ಹಂದಿಕೊಬ್ಬು, ಇನ್ನೊಂದರದ್ದರಲ್ಲಿ ಇಲ್ಲ. ಆ ಮೇಜಿನವರು ಈ ಮೇಜಿನ ಉಪ್ಪನ್ನೂ ಮುಟ್ಟಲಿಲ್ಲ. ಏಸಾ ಎರಡು ತಟ್ಟೆ ಹಿಡಿದು, ಇಲ್ಲೊಂದು ಸೌಟು ಅಲ್ಲೊಂದು ಸೌಟು ಹಾಕಿಸಿಕೊಂಡು, ನಡುವೆ ಗೋಡೆಗೊರಗಿ ನಿಂತು ಎರಡನ್ನೂ ಖಾಲಿ ಮಾಡಿದ. ಎರಡೂ ಕಡೆಯವರು ಅವನ ತಟ್ಟೆ ನೋಡಿ ಮೆಚ್ಚಿದರು. ಅವನ ಹೊಟ್ಟೆ ಮಾತ್ರ ಮೂರು ಗಂಟೆಯವರೆಗೆ ಉರಿಯಿತು.

ಕಾರಕೂನೆ ಥೆಡಾ ಹತ್ತೊಂಬತ್ತನೆಯ ಕಲಮು ಓದಿದಳು. ಏಸಾ ಸುತ್ತಿಗೆ ಎತ್ತಿ, "ಚರ್ಚೆ ಇದೆಯಾ?" ಎಂದು ಎಂದಿನಂತೆ ಕೇಳಿ, ಎಂದಿನಂತೆ ಅರೆಗಳಿಗೆ ಮಾತ್ರ ಕಾದ. ಆ ಅರೆಗಳಿಗೆಯಲ್ಲಿ ಮಾರ್ಜರಿ ಎದ್ದಳು.

"ಆರು ಸಾವಿರ ಅಂತಿರೋದನ್ನ ಹನ್ನೆರಡು ಸಾವಿರ ಮಾಡ್ಬೇಕು ಅಂತ ನನ್ನ ತಿದ್ದುಪಡಿ. ವಾಷಿಂಗ್ಟನ್ನಿನಲ್ಲಿ ಶ್ರೀಮಂತರ ತೆರಿಗೆ ಇಳಿಸಿ ಬಡವರ ಔಷಧಿಗೆ ಕತ್ತರಿ ಹಾಕಿದಾರೆ. ಅಲ್ಲಿ ಕತ್ತರಿಸಿದ್ದನ್ನ ಇಲ್ಲಿ ನಾವು ತುಂಬೋಣ. ಟಾರ್ಬೆಲ್ ಎಂಥ ಊರು ಅನ್ನೋದು ಗೊತ್ತಾಗ್ಲಿ."

ಸಂಘ ಹನ್ನೆರಡು ಕೇಳಿರಲಿಲ್ಲ. ಕೇಳಿದ್ದು ಆರು.

ರೋಯ್ಸ್ ಕೂತಲ್ಲಿಂದಲೇ ಕೂಗಿದ. "ಅಮ್ಮಾ, ನಿನಗೆ ವಾಷಿಂಗ್ಟನ್ ಮೇಲೆ ಸಿಟ್ಟಿದ್ರೆ ಅಲ್ಲಿಗೆ ಹೋಗಿ ಕೂಗು. ನನ್ನ ತೆರಿಗೆ ಬಿಲ್ಲಿನ ಮೇಲೆ ಯಾಕಮ್ಮಾ ತೀರಿಸ್ಕೋತೀಯ?"

"ನಿಮ್ಮ ಯಂತ್ರಗಳು ಓಡಾಡೋ ರಸ್ತೆ ಯಾರ ತೆರಿಗೆಯದು, ಮಿಸ್ಟರ್ ಕೋಲ್ಬಿ?"

"ಆ ರಸ್ತೆ ಹಾಕಿದ್ದು ನಾನು! ನೀನು ಬರೋ ಮುಂಚೆ!"

"ಮತ್ತೆ ಆ ಬಿಲ್ಲಿನ ದುಡ್ಡು ಯಾರ ಜೇಬಿಂದ ಬಂತು ಅಂತ ಕೇಳ್ತಿದೀನಿ!"

ಸಭೆ ನಕ್ಕಿತು, ಅರ್ಧ ಮಾತ್ರ. ರೋಯ್ಸ್‌ನ ಕುತ್ತಿಗೆ ಕೆಂಪೇರಿತು. ಏಸಾ ಸುತ್ತಿಗೆ ಬಡಿದು, "ಮಾತು ಕುರ್ಚಿಯ ಕಡೆಗೆ ಆಡಿ, ಒಬ್ಬರಿಗೊಬ್ಬರು ಅಲ್ಲ," ಎಂದ. ಹನ್ನೆರಡು ಸಾವಿರ ಕೂಗಿನ ಮತದಲ್ಲೇ ಬಿದ್ದುಹೋಯಿತು. ಅಷ್ಟಕ್ಕೆ ನಿಂತಿದ್ದರೆ ಆರು ಉಳಿಯುತ್ತಿತ್ತು. ಏಸಾ ಉಸಿರು ಬಿಟ್ಟು, ಮೂಲ ಕಲಮನ್ನು ಮತಕ್ಕೆ ಹಾಕಲು ಬಾಯಿ ತೆರೆದ. ರೋಯ್ಸ್ ಎದ್ದು ನಿಂತಿದ್ದ.

"ನನ್ನದೂ ಒಂದು ತಿದ್ದುಪಡಿ ಇದೆ. ಆರು ಸಾವಿರ ಬೇಡ. ಒಂದು ಡಾಲರ್."

ಕಲಮನ್ನು ಕೊಲ್ಲಬೇಕೆಂದರೆ ಒಂದು ಡಾಲರಿಗೆ ಇಳಿಸುವುದು ಆ ಕಡೆಯ ಸಭೆಗಳ ಹಳೆಯ ವರಸೆ. ತಿರಸ್ಕರಿಸುವುದಕ್ಕಿಂತ ಅದು ಹೆಚ್ಚು ಕುಟುಕುತ್ತದೆ. ಎಲ್ಲರಿಗೂ ಕುರ್ಚಿಯಲ್ಲಿ ಕೂತವನ ಮನೆಯ ಸ್ಥಿತಿ ಗೊತ್ತಿತ್ತು. ರೋಯ್ಸ್‌ಗೂ ಗೊತ್ತಿತ್ತು, ಅವನು ಏಸಾನ ಕಡೆ ನೋಡಿ, "ನಿನ್ನ ಮೇಲೇನಿಲ್ಲ ಏಸಾ. ವಿನ್ನಿಗೇನು ಬೇಕೋ ನಾನು ಮಾಡ್ತೀನಿ. ಇದು ತತ್ವದ ಮಾತು," ಎಂದ.

ಕೂಗು ಸರಿಸಮ ಕೇಳಿಸಿತು. ಏಳು ಜನ ಎದ್ದು ಸಭೆಯ ವಿಭಜನೆ ಕೇಳಿದರು. ಬೆಂಚುಗಳು ಕಿರುಗುಟ್ಟಿದವು. ಒಂದು ಡಾಲರ್ ಎನ್ನುವವರು ಒಲೆಯ ಕಡೆಗೆ, ಬೇಡ ಎನ್ನುವವರು ಕಿಟಕಿಯ ಕಡೆಗೆ ನಡೆದರು. ನಡುವೆ ಬೆಂಚಿನ ಮೇಲೆ ಕೈಕಟ್ಟಿ ಕೂತೇ ಉಳಿದವರು ಎಂಟು ಜನ, ಎಲ್ಲ ಮಾರ್ಜರಿಯ ವರಾಂಡದವರು. ಮಾರ್ಜರಿ ಅವರ ನಡುವೆ.

"ಏಳಮ್ಮ, ಕಿಟಕಿ ಕಡೆ ಬಾ!" ಎಂದು ಥೆಡಾ ಪಿಸುದನಿಯಲ್ಲಿ ಕರೆದಳು.

"ಇಷ್ಟು ಕೀಳು ಓಟಿಗೆ ಎದ್ದು ನಿಂತು ನಾವು ಮರ್ಯಾದೆ ಕೊಡಲ್ಲ. ಮಾಡ್ಲಿ ಬಿಡಿ. ಮಾಡಿದ್ದನ್ನ ನವೆಂಬರಿನಲ್ಲಿ ಮನೆಮನೆಗೆ ತೋರಿಸ್ತೀವಿ."

ಥೆಡಾ ಎರಡು ಸಲ ಎಣಿಸಿದಳು. ಚೀಟಿಯನ್ನು ಕುರ್ಚಿಯ ಬಳಿ ತಂದಿಟ್ಟಳು. ಒಂದು ಡಾಲರಿಗೆ ಅರವತ್ತೆರಡು. ಬೇಡ ಎನ್ನುವವರು ಅರವತ್ತೊಂದು.

ಲಟ್ಟಣಿಗೆಯ ಹಳೆಯ ಸದ್ದು ಏಸಾನ ಕಿವಿಯೊಳಗೆ ಬಿತ್ತು. ಗಂಟು ಹಾಕೋಕೂ ಹಾಕಬಹುದು. ಅವನ ಒಂದು ಕೈ ಮೇಲೆದ್ದರೆ ಅರವತ್ತೆರಡಕ್ಕೆ ಅರವತ್ತೆರಡು. ರೋಯ್ಸ್‌ನ ತಿದ್ದುಪಡಿ ಸತ್ತು ಆರು ಸಾವಿರ ಮತ್ತೆ ಜೀವಂತ. ನಿಯಮ ಅವನ ಕಡೆಗಿತ್ತು. ಪುಸ್ತಕ ಮುಂದಿನ ಮೇಜಿನ ಮೇಲೇ ಇತ್ತು. ಯಾರಾದರೂ ಪ್ರಶ್ನಿಸಿದರೆ ಪುಟ ತೆರೆದು ತೋರಿಸಬಹುದಿತ್ತು.

ಅವನು ಹಾಲನ್ನು ನೋಡಿದ. ಒಲೆಯ ಕಡೆಯ ಮುಖಗಳು ಅವನನ್ನು ನೋಡುತ್ತಿದ್ದವು, ಕಿಟಕಿಯ ಕಡೆಯವೂ. ಇನ್ನು ಯಾವ ವಿಷಯದಲ್ಲೂ ಒಂದೇ ಕಡೆ ನೋಡದ ಆ ಕಣ್ಣುಗಳು ಅವನೊಬ್ಬನಲ್ಲಿ ಸೇರಿದ್ದವು. ಈಗ ಕೈ ಎತ್ತಿದರೆ, ಇಪ್ಪತ್ತಾರು ವರ್ಷದಲ್ಲಿ ಅವನು ಎತ್ತಿದ ಮೊದಲ ಕೈ ಸ್ವಂತ ಹಾಸಿಗೆಗಾಗಿ ಎಂದಾಗುತ್ತದೆ. ರೋಯ್ಸ್‌ನವರು, ಕೊನೆಗೂ ಬಣ್ಣ ಬಯಲಾಯಿತು ಎನ್ನುತ್ತಾರೆ. ಮಾರ್ಜರಿಯವರು, ನಮ್ಮವನೇ ಎಂದು ಅಪ್ಪಿಕೊಳ್ಳುತ್ತಾರೆ. ಅದು ಇನ್ನೂ ಕೆಟ್ಟದ್ದು. ಒಲೆಯ ಪಕ್ಕದ ಬೆಂಚಿನ ತುದಿ ಖಾಲಿಯಿತ್ತು. ಅಲ್ಲಿಗೆ ಕಣ್ಣು ಹೋದದ್ದನ್ನು ಅವನು ಹಿಂದಕ್ಕೆ ಎಳೆದುಕೊಂಡ. ಎತ್ತಬೇಕಾದ ಕೈಯಲ್ಲಿ ಸುತ್ತಿಗೆಯಿತ್ತು.

"ಹೂಂ ಅರವತ್ತೆರಡು. ಇಲ್ಲ ಅರವತ್ತೊಂದು. ತಿದ್ದುಪಡಿ ಗೆದ್ದಿದೆ," ಎಂದ. ಹಸು ಮಾರಿದ ದನಿಯಲ್ಲಿ.

ಸುತ್ತಿಗೆ ಬಿತ್ತು. ಆಮೇಲೆ ತಿದ್ದಿದ ಕಲಮನ್ನು ಮತಕ್ಕೆ ಹಾಕಿದ, ಅದೂ ಪಾಸಾಯಿತು. ಥೆಡಾ ಇಪ್ಪತ್ತನೆಯ ಕಲಮು ಓದಿದಳು.

ಸಭೆ ಮುಗಿದಾಗ ಅವನ ಕೈ ಕುಲುಕಲು ಎರಡು ಸಾಲು ನಿಂತಿತು. ರೋಯ್ಸ್ ಎರಡೂ ಕೈಯಿಂದ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿ, "ನಿನ್ನಂಥ ಗಂಡಸು ಇನ್ನೊಬ್ಬನಿಲ್ಲ ಕಣೋ. ಸ್ವಂತ ಹೆಂಡ್ತಿ ವಿಷಯ ಬಂದಾಗಲೂ ಕಣ್ಣು ಪಿಳುಕಿಸಲಿಲ್ಲ!" ಎಂದ. ಇನ್ನೊಂದು ಸಾಲಿನಿಂದ ಮಾರ್ಜರಿ: "ಏಸಾ, ಆ ಒರಟರ ಮುಂದೆ ನಿಮ್ಮ ಘನತೆ ನೋಡಿ ನನಗೆ ಮಾತೇ ಬರಲಿಲ್ಲ."

"ಎದ್ದು ನಿಲ್ಲೋಕೂ ಬರಲಿಲ್ಲ," ಎಂದ ಏಸಾ.

ಅವಳು ಅದನ್ನು ತಮಾಷೆ ಎಂದು ತೆಗೆದುಕೊಂಡಳು.

ಮನೆಯಲ್ಲಿ, ಅಂದು ಅವನು ಬರುವವರೆಗೆ ಉಳಿದಿದ್ದ ರೆನಾಟಾ ಬೂಟು ಹಾಕಿಕೊಳ್ಳುತ್ತಿದ್ದಳು. ಅವನ ಮುಖ ನೋಡಿಯೇ ಕೈ ನಿಲ್ಲಿಸಿದಳು.

"ಏನಾಯ್ತು?"

"ಒಂದು ಡಾಲರ್ ಮಾಡಿದ್ರು."

"ಒಂದು ಡಾಲರಾ?" ರೆನಾಟಾ ಬೂಟಿನ ಲಾಡಿ ಎಳೆದು ಬಿಗಿದಳು. "ಹಾಗಾದ್ರೆ ಒಂದು ಕಾಲು ತೊಳೆದು ಚಿಲ್ಲರೆ ವಾಪಸ್ ಕೊಡ್ಲಾ?"

ಹಾಸಿಗೆಯಿಂದ ವಿನ್ನಿಯ ದನಿ ಬಂತು. ಮಾತು ಮೂರು ಸಲ ಮುಗ್ಗರಿಸಿತು.

"ಎಷ್ಟು... ಎಷ್ಟಕ್ಕೆ?"

ಏಸಾ ಮಂಚದ ಬದಿಗೆ ಬಂದು ಕುಳಿತ. ಸುಳ್ಳು ಹೇಳಬಹುದಿತ್ತು. ಎಪ್ಪತ್ತಕ್ಕೆ ಐವತ್ತು ಎಂದಿದ್ದರೆ ಊರಿನ ಮೇಲೆ ಸಿಟ್ಟಾಗಿ ಸುಮ್ಮನಾಗುತ್ತಿದ್ದಳು. ಆದರೆ ಎಣಿಕೆಯನ್ನು ತಿರುಚುವುದು ಅವನ ಬಾಯಿಗೆ ಬಾರದ ವಿದ್ಯೆ.

"ಅರವತ್ತೆರಡು," ಎಂದ. ಸ್ವಲ್ಪ ತಡೆದು, "ಅರವತ್ತೊಂದು."

ವಿನ್ನಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬದುಕಿದ್ದ ಎಡಗೈಯನ್ನು ಹೊದಿಕೆಯ ಕೆಳಗಿನಿಂದ ಎಳೆದು, ಮೊಣಕೈ ಊರಿ, ಮೇಲಕ್ಕೆತ್ತಿದಳು. ಸಭೆಯಲ್ಲಿ ಎತ್ತುವಂತೆ ನೆಟ್ಟಗೆ, ಅಂಗೈ ಬಿಡಿಸಿ. ಅದು ಕೆಳಗಿಳಿಯಲಿಲ್ಲ.

"ನೀರು ಬೇಕಾ ವಿನ್ನಿ?" ಎಂದು ರೆನಾಟಾ ಮುಂದೆ ಬಂದಳು.

ವಿನ್ನಿ ಬೇಡವೆಂದು ತಲೆಯಾಡಿಸಿದಳು. ಕಣ್ಣು ಗಂಡನ ಮೇಲೆಯೇ ಇತ್ತು.

"ಅರ್ಧ," ಎಂದಳು. ತುಟಿ ಕೂಡಿಸಿ ಮತ್ತೆ ಬಿಡಿಸಿದಳು. "ಅರ್ಧ... ಮಾರ್ಕು."

ಏಸಾ ಅಂಗಳದವರೆಗೆ ಬಿಡಲು ಬಂದಾಗ, ವಿನ್ನಿ ಹೇಳಿದ್ದೇನು ಎಂದು ರೆನಾಟಾ ಕೇಳಿದಳು. ಏಸಾ ಕಾರಿನ ಬಾಗಿಲು ಹಿಡಿದುಕೊಂಡು, ಲಟ್ಟಣಿಗೆಯಿಂದ ಹಿಡಿದು ಸುತ್ತಿಗೆಯವರೆಗೆ ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದ. ಅವಳು ಕೇಳಿದಳು, ಕಾರು ಹತ್ತಿದಳು, ಹೋದಳು. ಟಾರ್ಬೆಲ್‌ನ ಗುಡ್ಡವನ್ನು ಅವಳು ಮತ್ತೆ ಹತ್ತಲಿಲ್ಲ. ಕತೆಯನ್ನು ಮಾತ್ರ ಜೊತೆಗೆ ಒಯ್ದಳು.

ರೋಯ್ಸ್ ಮಾತಿಗೆ ತಪ್ಪಲಿಲ್ಲ ಎಂದು ಅವನ ಕಡೆಯವರು ಹೇಳುತ್ತಾರೆ. ಅದು ಒಂದಿಷ್ಟು ನಿಜ. ತನ್ನ ತಂಗಿಯನ್ನು ಕಳಿಸಿದ. ಅವಳು ಮೂರು ವಾರ ಬಂದಳು. ಆಮೇಲೆ ನೆಲದ ಹಿಮ ಕರಗಿ ಅಗೆಯುವ ಕೆಲಸ ಶುರುವಾಯಿತು, ಅವನ ಲೆಕ್ಕಪತ್ರಕ್ಕೆ ಅವಳೇ ಬೇಕಾಯಿತು. ಮಾರ್ಜರಿ ಕಂಪ್ಯೂಟರಿನಲ್ಲಿ ಚಂದಾ ಎತ್ತುವ ಪುಟ ತೆರೆದು, ವಿನ್ನಿಯ ಚಿತ್ರ ಹಾಕಿ, 'ಒಂದು ಡಾಲರಿನ ಕ್ರೌರ್ಯ' ಎಂದು ತಲೆಬರಹ ಕೊಟ್ಟಳು. ಯಾರನ್ನೂ ಕೇಳಿರಲಿಲ್ಲ. ಏಸಾ ಹೋಗಿ ಅದನ್ನು ತೆಗೆಸಿದ. ಚಿತ್ರ ಮಾತ್ರ ನವೆಂಬರಿನ ಕರಪತ್ರದಲ್ಲಿ ಮತ್ತೆ ಬಂತು. ಅಷ್ಟು ಹೊತ್ತಿಗೆ ವಿನ್ನಿಯ ಬೆನ್ನು ಹುಣ್ಣಾಗಿ, ಮೇ ತಿಂಗಳಲ್ಲೇ ಅವಳನ್ನು ಕೌಂಟಿಯ ಆರೈಕೆ ಮನೆಗೆ ಸೇರಿಸಿಯಾಗಿತ್ತು. ಏಸಾ ವಾರಕ್ಕೆ ಎರಡು ಸಲ ಹೋಗಿ, ಮಂಚದ ಬದಿಯಲ್ಲಿ ಕೂತು, ಊರಿನ ಸುದ್ದಿ ಹೇಳಿ ಬರುತ್ತಿದ್ದ. ಅವಳು ಗೋಡೆಯ ಕಡೆ ತಿರುಗಿ ಕೇಳುತ್ತಿದ್ದಳು, ಅಥವಾ ಕೇಳುತ್ತಿರಲಿಲ್ಲ.

ಮರುವರ್ಷದ ಮಾರ್ಚಿನಲ್ಲಿ ಎರಡು ಮೇಜು ಮೂರಾದವು. ಯಾವ ಮೇಜಿಗೂ ಸೇರದವರು ಡಬ್ಬಿ ತಂದುಕೊಂಡರು. ಊರಸಭೆಯ ಮೊದಲ ಕಲಮು ಯಾವಾಗಲೂ ಸಭಾಪತಿಯ ಆಯ್ಕೆ. ಏಸಾ ಬರುವ ಮುಂಚೆಯೇ ಬೇಡವೆಂದು ಹೇಳಿ ಕಳಿಸಿದ್ದ. ಯಾರೂ ಕೇಳಲಿಲ್ಲ. ರೋಯ್ಸ್ ಕೋಲ್ಬಿ ಅವನ ಹೆಸರು ಸೂಚಿಸಿದ. ಮಾರ್ಜರಿ ಲಂಟ್ ಅನುಮೋದಿಸಿದಳು. ಅವರಿಬ್ಬರ ಹೆಸರು ಒಂದೇ ಸಾಲಿನಲ್ಲಿ ಬಂದದ್ದು ಟಾರ್ಬೆಲ್‌ನ ಇತಿಹಾಸದಲ್ಲಿ ಅದೊಂದೇ ಸಲ ಎಂದು ಎರಡು ಪಾಠಗಳೂ ಹೆಮ್ಮೆಯಿಂದ ಹೇಳುತ್ತವೆ.

"ಹೂಂ ಅನ್ನೋರು?" ಎಂದಳು ಥೆಡಾ.

ಹಾಲಿನ ಗಾಜುಗಳು ನಡುಗುವಂತೆ ಕೂಗು ಎದ್ದಿತು.

"ಇಲ್ಲ ಅನ್ನೋರು?"

ಏಸಾ ಒಲೆಯ ಪಕ್ಕದ ಬೆಂಚಿನ ತುದಿಯನ್ನು ನೋಡಿದ. ಅಲ್ಲಿ ಯಾರದೋ ಒದ್ದೆ ಕೋಟು ಒಣಗುತ್ತಿತ್ತು. ಮೈಯೆಲ್ಲ ಕಿವಿಯಾಗಿಸಿಕೊಂಡು ಅವನು ಕಾದ. ಒಂದೇ ಒಂದು ಬಾಯಿಯಿಂದ ಒಂದೇ ಒಂದು "ಇಲ್ಲ" ಬರಲೆಂದು, ದೊಡ್ಡ ದನಿಯಲ್ಲಿ ಬರಲೆಂದು ಕಾದ. ಥೆಡಾ ಕೂಡ ಏಕೋ ಬೇಗ ಮುಗಿಸದೆ ತಡೆದಳು. ಕಿಟಕಿಯಾಚೆ ಸೂರಿನ ಹಿಮ ತೊಟ್ಟಿಕ್ಕುತ್ತಿತ್ತು.

ಯಾರೂ ಇಲ್ಲವೆನ್ನಲಿಲ್ಲ. ಅವನು ಎದ್ದು ಹೋಗಿ ಸುತ್ತಿಗೆ ತೆಗೆದುಕೊಂಡ.